ಜೇನ್ ಗ್ರೇಗೆ ಸಿಕ್ಕ ಇನ್ನೊಂದು ಬದುಕು: ‘ಮೈ ಲೇಡಿ ಜೇನ್’

ಲೇಡಿ ಜೇನ್ ಗ್ರೇಯನ್ನು ಇಂಗ್ಲೆಂಡಿನ ರಾಣಿ ಎಂದು ಸಾರಿದ್ದು 1553ರ ಜುಲೈ 10ರಂದು. ಇಳಿಸಿದ್ದು ಜುಲೈ 19ರಂದು. ಮರುವರ್ಷ ಫೆಬ್ರವರಿ 12ರಂದು ಲಂಡನ್ ಟವರ್ ಕೋಟೆಯೊಳಗೆ ಅವಳ ತಲೆ ಕಡಿದರು. ಆಗ ಅವಳಿಗೆ ಹದಿನಾರೋ ಹದಿನೇಳೋ ವರ್ಷ. ಇಂಥ ಹುಡುಗಿಯ ಮೇಲೆ ನಗೆ ಕಾದಂಬರಿ ಬರೆದಿದ್ದಾರೆ, ಅದರಲ್ಲಿ ಅವಳ ಗಂಡ ಹಗಲೆಲ್ಲ ಕುದುರೆಯಾಗಿರುತ್ತಾನೆ ಅಂತ ಯಾರಾದರೂ ಹೇಳಿದರೆ ನಿಮಗೆ ಏನನಿಸುತ್ತದೆ? ನನಗೆ ಆತಂಕವಾಯಿತು. ನಾನು ಹೈಸ್ಕೂಲ್ ಮಕ್ಕಳಿಗೆ ಇತಿಹಾಸ ಪಾಠ ಮಾಡುವವಳು. ಸತ್ತವರನ್ನು ಗೇಲಿ ಮಾಡುವುದು ನನಗೆ ಸೇರುವುದಿಲ್ಲ. ಅದರಲ್ಲೂ ದೊಡ್ಡವರ ಆಟಕ್ಕೆ ಸಿಕ್ಕಿ ಸತ್ತ ಹುಡುಗಿಯನ್ನು ಗೇಲಿ ಮಾಡುವುದು ಬೇಡವೇ ಬೇಡ.

ಹಾಗಾಗಿ ‘ಮೈ ಲೇಡಿ ಜೇನ್’ ಓದಲು ಕೂತಾಗ ನಾನು ನೋಡಿದ್ದು ಒಂದೇ ವಿಷಯ. ಇಷ್ಟೆಲ್ಲ ನಗುವಿನ ನಡುವೆ ಜೇನ್‌ಗೆ ಮರ್ಯಾದೆ ಇದೆಯಾ? ಇದೆ. ಬೇಕಾದಷ್ಟಿದೆ. ಅವಳನ್ನು ಇಷ್ಟು ಪ್ರೀತಿಯಿಂದ ನೋಡಿಕೊಂಡ ಇನ್ನೊಂದು ಕಾದಂಬರಿ ನಾನು ಓದಿಲ್ಲ. ಆದರೆ ಇದೇ ಪುಸ್ತಕ ಇನ್ನೊಬ್ಬ ಹೆಣ್ಣಿಗೆ ಅನ್ಯಾಯ ಮಾಡಿದೆ. ಅದನ್ನೂ ಹೇಳದೆ ಬಿಡುವುದಿಲ್ಲ.

ಬರೆದವರು ಅಮೆರಿಕದ ಮೂವರು ಲೇಖಕಿಯರು: ಸಿಂಥಿಯಾ ಹ್ಯಾಂಡ್, ಬ್ರೋಡಿ ಆಷ್ಟನ್, ಜೋಡಿ ಮೆಡೋಸ್. ಬಂದದ್ದು 2016ರಲ್ಲಿ. ಹದಿಹರೆಯದವರಿಗೆ ಅಂತ ಬರೆದದ್ದು, ಸುಮಾರು 500 ಪುಟ ಇದೆ. ಒಂದು ಅಧ್ಯಾಯ ರಾಜ ಎಡ್ವರ್ಡ್ ಕಡೆಯಿಂದ, ಒಂದು ಜೇನ್ ಕಡೆಯಿಂದ, ಒಂದು ಅವಳ ಗಂಡ ಗಿಫರ್ಡ್ ಕಡೆಯಿಂದ ಹೀಗೆ ಕತೆ ಸಾಗುತ್ತದೆ. ಮೂವರು ಸೇರಿ ಬರೆದ ಪುಸ್ತಕ ಅಂದರೆ ಎಲ್ಲೋ ಒಂದು ಕಡೆ ಹೊಲಿಗೆ ಕಾಣುತ್ತದೆ ಅಂದುಕೊಳ್ಳುತ್ತೇವೆ. ಇಲ್ಲಿ ಕಾಣುವುದಿಲ್ಲ. ನಡುನಡುವೆ ‘ನಾವು’ ಎಂದು ಮೂವರೂ ಒಟ್ಟಿಗೆ ಓದುಗರ ಜೊತೆ ಮಾತಾಡುತ್ತಾರೆ. ನೀವು ಶಾಲೆಯಲ್ಲಿ ಕಲಿತದ್ದು ಬೇರೆ, ನಾವು ಹೇಳುವುದು ಬೇರೆ ಅನ್ನುತ್ತಾರೆ. ಪುಸ್ತಕದ ಮೊದಲಲ್ಲೇ ಇಂಗ್ಲೆಂಡ್ ದೇಶದ ಹತ್ತಿರ ಕ್ಷಮೆ ಕೇಳಿ ಮುಂದುವರಿಯುತ್ತಾರೆ.

ಅವರು ಮಾಡಿದ ದೊಡ್ಡ ಬದಲಾವಣೆ ಹೀಗಿದೆ. ಅಸಲಿ ಟ್ಯೂಡರ್ ರಾಜಮನೆತನದ ಕಾಲದಲ್ಲಿ ಇಂಗ್ಲೆಂಡನ್ನು ಸೀಳಿದ್ದು ಧರ್ಮ. ಒಂದು ಕಡೆ ಕ್ಯಾಥೊಲಿಕರು, ಇನ್ನೊಂದು ಕಡೆ ಪ್ರೊಟೆಸ್ಟೆಂಟರು. ರಾಜ ಬದಲಾದಾಗ ಪ್ರಾರ್ಥನೆಯ ಪುಸ್ತಕವೂ ಬದಲಾಗುತ್ತಿತ್ತು. ನಿನ್ನೆಯವರೆಗೆ ಸರಿಯಾಗಿದ್ದದ್ದು ಇವತ್ತು ಅಪರಾಧ. ಕಾದಂಬರಿಯಲ್ಲಿ ಈ ಜಾಗಕ್ಕೆ ಈಥಿಯನ್ನರು ಮತ್ತು ವೆರಿಟಿಗಳು ಬಂದಿದ್ದಾರೆ. ಈಥಿಯನ್ನರು ಅಂದರೆ ಪ್ರಾಣಿಯ ರೂಪ ತಾಳಬಲ್ಲವರು. ವೆರಿಟಿಗಳು ಅದನ್ನು ಪಾಪ ಅನ್ನುವವರು. ಎಡ್ವರ್ಡ್‌ನ ಅಪ್ಪ ಎಂಟನೇ ಹೆನ್ರಿ ಸಿಟ್ಟು ಬಂದರೆ ಸಿಂಹವಾಗುತ್ತಿದ್ದನಂತೆ. ಹೆನ್ರಿಯ ಬಗ್ಗೆ ಸ್ವಲ್ಪ ಓದಿದವರಿಗೂ ಇದು ಎಷ್ಟು ಸರಿಯಾಗಿ ಕೂತಿದೆ ಅಂತ ಗೊತ್ತಾಗುತ್ತದೆ, ಅಲ್ವಾ?

ಈ ಬದಲಾವಣೆಯಿಂದ ಒಂದು ಲಾಭವಾಗಿದೆ. 1550ರ ದಶಕದ ಧಾರ್ಮಿಕ ಜಗಳದ ಒಳಸುಳಿ ಇವತ್ತಿನ ಹದಿಮೂರು ವರ್ಷದ ಮಗುವಿಗೆ ವಿವರಿಸಲು ನಾನು ಕ್ಲಾಸಿನಲ್ಲಿ ಹೆಣಗಾಡುತ್ತೇನೆ. ‘ನೀನು ಹುಟ್ಟಿದ್ದೇ ಹೀಗೆ, ಅದಕ್ಕೇ ನಿನ್ನನ್ನು ಸುಡುತ್ತೇವೆ’ ಅಂದರೆ ಯಾವ ಮಗುವಿಗೂ ತಕ್ಷಣ ಅರ್ಥವಾಗುತ್ತದೆ. ನಷ್ಟವೂ ಆಗಿದೆ. ಅಸಲಿ ಜೇನ್‌ಳ ಬೆನ್ನೆಲುಬೇ ಅವಳ ಪ್ರೊಟೆಸ್ಟೆಂಟ್ ನಂಬಿಕೆ. ಜೇನ್ ಸಾಯುವ ಮೊದಲು, ಅವಳ ನಂತರ ಪಟ್ಟಕ್ಕೆ ಬಂದ ಕ್ಯಾಥೊಲಿಕ್ ರಾಣಿ ಮೇರಿ ತನ್ನ ಪಾದ್ರಿ ಜಾನ್ ಫೆಕೆನ್‌ಹ್ಯಾಮ್‌ನನ್ನು ಅವಳ ಹತ್ತಿರ ಕಳಿಸಿದಳು. ಮತ ಬದಲಿಸು ಅಂತ ಒಪ್ಪಿಸುವುದು ಅವನ ಕೆಲಸ. ಜೇನ್ ಅವನ ಜೊತೆ ವಾದಕ್ಕೆ ನಿಂತಳು, ಒಂದಿಂಚೂ ಸರಿಯಲಿಲ್ಲ. ಆಮೇಲೆ ಅದೇ ಪಾದ್ರಿ ವಧಾಸ್ಥಾನದವರೆಗೂ ಅವಳ ಜೊತೆ ಹೋದ. ಧರ್ಮವನ್ನು ತೆಗೆದುಹಾಕಿದ ಮೇಲೆ ಆ ಹಟಮಾರಿ ಜೇನ್‌ಗೆ ಪುಸ್ತಕದಲ್ಲಿ ಜಾಗವಿಲ್ಲ. ಬದಲಿಗೆ ಪುಸ್ತಕದ ಹುಚ್ಚಿನ ಜೇನ್ ಸಿಗುತ್ತಾಳೆ.

ಆ ಜೇನ್ ಕೂಡ ನಿಜವಾದವಳೇ. ರೋಜರ್ ಆಸ್ಕಮ್ ಎಂಬ ವಿದ್ವಾಂಸ 1550ರಲ್ಲಿ ಲೆಸ್ಟರ್‌ಶೈರ್‌ನ ಬ್ರಾಡ್‌ಗೇಟ್‌ಗೆ, ಅವಳ ಮನೆಗೆ ಹೋಗಿದ್ದ. ಅಪ್ಪ, ಅಮ್ಮ, ಮನೆಮಂದಿಯೆಲ್ಲ ಬೇಟೆಗೆ ಹೋಗಿದ್ದರು. ಜೇನ್ ಒಬ್ಬಳೇ ಕೂತು ಪ್ಲೇಟೋನ ‘ಫೀಡೋ’ ಓದುತ್ತಿದ್ದಳು, ಅದೂ ಗ್ರೀಕ್‌ನಲ್ಲಿ. ಬೇಟೆಗೆ ಯಾಕೆ ಹೋಗಲಿಲ್ಲ ಅಂತ ಅವನು ಕೇಳಿದ. ಅವರ ಸಂತೋಷ ಈ ಪುಸ್ತಕದಲ್ಲಿ ಸಿಗುವುದರ ನೆರಳು ಮಾತ್ರ ಅನ್ನುವ ಅರ್ಥದಲ್ಲಿ ಅವಳು ಉತ್ತರ ಕೊಟ್ಟಳು. ಅಪ್ಪ ಅಮ್ಮನ ಎದುರು ಏನು ಮಾಡಿದರೂ ತಪ್ಪು, ಚಿವುಟುತ್ತಾರೆ, ಹೊಡೆಯುತ್ತಾರೆ, ಮೇಷ್ಟ್ರು ಏಲ್ಮರ್ ಮಾತ್ರ ಮೃದುವಾಗಿ ಕಲಿಸುತ್ತಾರೆ ಅಂತಲೂ ಹೇಳಿದಳಂತೆ. ಇದನ್ನೆಲ್ಲ ಆಸ್ಕಮ್ ಬರೆದಿಟ್ಟಿದ್ದಾನೆ. ಅವನ ಪುಸ್ತಕ 1570ರಲ್ಲಿ ಅಚ್ಚಾಯಿತು.

ಕಾದಂಬರಿಯ ಜೇನ್ ಈ ಒಂದು ಚಿತ್ರದಿಂದ ಹುಟ್ಟಿದವಳು. ಕೈಯಲ್ಲಿ ಪುಸ್ತಕವಿಲ್ಲದೆ ಅವಳು ಎಲ್ಲೂ ಹೋಗುವುದಿಲ್ಲ. ಅಪಾಯ ಬಂದಾಗ ಅವಳ ತಲೆಗೆ ಮೊದಲು ಬರುವುದು ಎಲ್ಲೋ ಓದಿದ ಸಾಲು. ಜನ ಮಾತಾಡಿಸಲು ಬಂದರೆ ಪುಟದ ಹಿಂದೆ ಮುಖ ಮುಚ್ಚಿಕೊಳ್ಳುತ್ತಾಳೆ. ಓದುವ ಹುಡುಗಿಯರನ್ನು ತಮಾಷೆಯ ಕತೆಗಳಲ್ಲಿ ಸಾಮಾನ್ಯವಾಗಿ ಏನು ಮಾಡುತ್ತಾರೆ ಗೊತ್ತಲ್ಲ. ಕನ್ನಡಕ ತೆಗೆಸಿ, ಕೂದಲು ಬಿಚ್ಚಿಸಿ, ಪುಸ್ತಕ ಪಕ್ಕಕ್ಕಿಡಿಸುತ್ತಾರೆ. ಈ ಲೇಖಕಿಯರು ಹಾಗೆ ಮಾಡಿಲ್ಲ. ಕೊನೆಯ ಪುಟದವರೆಗೂ ಅವಳು ಓದುತ್ತಲೇ ಇರುತ್ತಾಳೆ. ಓದಿದ್ದೇ ಅವಳ ಕೈಹಿಡಿಯುತ್ತದೆ. ನನಗೆ ಇದು ತುಂಬಾ ಹಿಡಿಸಿತು.

ಇನ್ನು ಎಡ್ವರ್ಡ್. ಆರನೇ ಎಡ್ವರ್ಡ್ ಹುಟ್ಟಿದ್ದು 1537ರ ಅಕ್ಟೋಬರ್ 12ರಂದು. ತಾಯಿ ಜೇನ್ ಸೀಮೋರ್ 12 ದಿನಕ್ಕೆ ತೀರಿಹೋದಳು. 9 ವರ್ಷಕ್ಕೆ ಪಟ್ಟಕ್ಕೆ ಬಂದ, 15 ವರ್ಷಕ್ಕೆ 1553ರ ಜುಲೈ 6ರಂದು ಗ್ರೀನಿಚ್‌ನಲ್ಲಿ ಸತ್ತ. ಶ್ವಾಸಕೋಶದ ಕಾಯಿಲೆ, ಬಹುಶಃ ಕ್ಷಯ. ಆದರೆ ವಿಷ ಹಾಕಿ ಕೊಂದರು ಅನ್ನುವ ಗಾಳಿಸುದ್ದಿ ಆಗಲೇ ಊರೆಲ್ಲ ಹಬ್ಬಿತ್ತು. ಕಾದಂಬರಿ ಈ ಗಾಳಿಸುದ್ದಿಯನ್ನೇ ಹಿಡಿದುಕೊಂಡಿದೆ. ರಾಜನಿಗೆ ಗುಣವಾಗದ ಕಾಯಿಲೆ ಎಂದು ವೈದ್ಯರು ಹೇಳುತ್ತಾರೆ. ಅವನಿಗೆ ಬ್ಲ್ಯಾಕ್‌ಬೆರಿ ಪೈ ಅಂದರೆ ಪ್ರಾಣ. ಆ ಪೈ ಎಲ್ಲಿಂದ ಬರುತ್ತಿದೆ, ಯಾರು ತರುತ್ತಿದ್ದಾರೆ ಅನ್ನುವಲ್ಲಿಂದ ಕತೆ ದಾರಿ ಬದಲಿಸುತ್ತದೆ. ಇತಿಹಾಸದಲ್ಲಿ ಎಲ್ಲಿ ಸಂಶಯ ಇತ್ತೋ ಅಲ್ಲೇ ಬಾಗಿಲು ಕೊರೆದಿದ್ದಾರೆ. ಎಲ್ಲಿ ಬೇಕಾದರೂ ಸುಮ್ನೆ ಗೋಡೆ ಒಡೆದಿಲ್ಲ.

ಪಟ್ಟದ ಪತ್ರದ ವಿಷಯದಲ್ಲೂ ಹೀಗೇ. ಎಡ್ವರ್ಡ್ ತನ್ನ ಕೈಯಾರೆ ಬರೆದ ಉತ್ತರಾಧಿಕಾರದ ಪತ್ರ ಇವತ್ತಿಗೂ ಇದೆ, ಲಂಡನ್ನಿನ ಇನ್ನರ್ ಟೆಂಪಲ್ ಗ್ರಂಥಾಲಯದಲ್ಲಿ. ಮೊದಲು ಬರೆದಾಗ ಅದರಲ್ಲಿ ಅವನ ಸಂಬಂಧಿ ಜೇನ್‌ಗೆ ಪಟ್ಟವಿರಲಿಲ್ಲ. ಮುಂದೆ ಅವಳಿಗೆ ಗಂಡುಮಕ್ಕಳು ಹುಟ್ಟಿದರೆ ಅವರಿಗೆ ಎಂದಿತ್ತು. ಆದರೆ ರಾಜ ಸಾಯುವ ಹೊತ್ತಾಯಿತು, ಗಂಡುಮಗು ಎಲ್ಲಿಂದ ತರುವುದು? ಒಂದು ಅಕ್ಷರ ಹೊಡೆದುಹಾಕಿ, ಸಾಲಿನ ಮೇಲೆ ಎರಡು ಪುಟ್ಟ ಪದ ಸೇರಿಸಿದರು. ‘ಜೇನ್‌ಗೂ ಅವಳ ಗಂಡುಮಕ್ಕಳಿಗೂ’ ಎಂದಾಯಿತು. ಅಷ್ಟೇ ತಿದ್ದುಪಡಿ. ಅದರಿಂದ ಒಬ್ಬ ಹುಡುಗಿ ಸಿಂಹಾಸನಕ್ಕೂ ಹೋದಳು, ಕೊಡಲಿಯ ಕೆಳಗೂ ಹೋದಳು. ಕಾದಂಬರಿಯಲ್ಲೂ ಗಿಫರ್ಡ್‌ನ ಅಪ್ಪ ಡಡ್ಲಿ ಈ ಪತ್ರಕ್ಕಾಗಿ ಎಡ್ವರ್ಡ್‌ನ ಬೆನ್ನು ಬೀಳುತ್ತಾನೆ. ಹೆಣ್ಣು ಆಳಬಹುದೇ ಅನ್ನುವ ಗೊಂದಲ ಹುಡುಗನ ತಲೆಯಲ್ಲಿ ಓಡುತ್ತದೆ. ಆ ಕಾಲದ ಗಂಡಸರ ತಲೆ ಹೇಗಿತ್ತು ಅನ್ನುವುದನ್ನು ನಗಿಸುತ್ತಲೇ ತೋರಿಸಿದ್ದಾರೆ. ಪುಸ್ತಕ ಮುಗಿಯುವ ಹೊತ್ತಿಗೆ ಅದೇ ಎಡ್ವರ್ಡ್ ಈ ಪ್ರಶ್ನೆಗೆ ಕೊಡುವ ಉತ್ತರ ಬೇರೆ. ಅದು ಉಪದೇಶದಿಂದ ಬಂದದ್ದಲ್ಲ. ಕಿರೀಟ ಕಳೆದುಕೊಂಡು, ಕೆಸ್ಟ್ರೆಲ್ ಎಂಬ ಪುಟ್ಟ ಗಿಡುಗವಾಗಿ ಹಾರಿ, ಹಸಿದು, ಬಿದ್ದು ಕಲಿತದ್ದು.

ಅಸಲಿ ಎಡ್ವರ್ಡ್ ಬೇರೆ ಥರದವನು. ಅವನು ತನ್ನ ಕೈಯಲ್ಲೇ ದಿನಚರಿ ಬರೆಯುತ್ತಿದ್ದ. 1552ರ ಜನವರಿಯಲ್ಲಿ ತನ್ನ ಸ್ವಂತ ಸೋದರಮಾವ, ಸಾಮರ್‌ಸೆಟ್‌ನ ಡ್ಯೂಕ್‌ನ ತಲೆ ಕಡಿದ ಸಂಗತಿಯನ್ನು ಒಂದೇ ಒಂದು ಒಣ ಸಾಲಿನಲ್ಲಿ ಬರೆದು ಮುಗಿಸಿದ್ದಾನೆ. ಬೆಳಗ್ಗೆ ಎಂಟರಿಂದ ಒಂಬತ್ತರ ನಡುವೆ, ಟವರ್ ಹಿಲ್‌ನಲ್ಲಿ ಅಂತ. ಹದಿನಾಲ್ಕು ವರ್ಷದ ಹುಡುಗ! ಅದನ್ನು ಓದಿದಾಗೆಲ್ಲ ನನಗೆ ಮೈ ಜುಂ ಅನ್ನುತ್ತದೆ. ಕಾದಂಬರಿಯ ಎಡ್ವರ್ಡ್‌ನ ದೊಡ್ಡ ಕೊರಗು ಏನೆಂದರೆ, ಸಾಯುವುದರೊಳಗೆ ಒಬ್ಬ ಹುಡುಗಿಗೂ ಮುತ್ತು ಕೊಟ್ಟಿಲ್ಲವಲ್ಲ ಅನ್ನುವುದು. ಹದಿಹರೆಯದ ಹುಡುಗನಿಗೆ ಇರಬೇಕಾದ ಕೊರಗು ಅದು. ಅಸಲಿ ಎಡ್ವರ್ಡ್‌ಗೆ ಹುಡುಗನಾಗಿರಲು ಯಾರೂ ಬಿಡಲಿಲ್ಲ. ಈ ಪುಸ್ತಕ ಬಿಟ್ಟಿದೆ.

ಈಗ ಕುದುರೆಯ ವಿಷಯಕ್ಕೆ ಬರೋಣ. ಅದಕ್ಕಾಗಿಯೇ ಜಾಸ್ತಿ ಜನ ಈ ಪುಸ್ತಕ ಕೊಳ್ಳುತ್ತಾರೆ, ತಪ್ಪೇನಿಲ್ಲ.

ಇತಿಹಾಸದ ಗಿಲ್ಡ್‌ಫರ್ಡ್ ಡಡ್ಲಿ, ನಾರ್ತಂಬರ್‌ಲ್ಯಾಂಡ್‌ನ ಡ್ಯೂಕ್ ಜಾನ್ ಡಡ್ಲಿಯ ಮಗ. ಜೇನ್‌ಗೂ ಅವನಿಗೂ ಮದುವೆಯಾದದ್ದು 1553ರ ಮೇ ತಿಂಗಳಲ್ಲಿ, ಲಂಡನ್ನಿನ ಡರ್ಹಮ್ ಹೌಸ್‌ನಲ್ಲಿ. ಅದೇ ದಿನ ಜೇನ್‌ಳ ತಂಗಿ ಕ್ಯಾಥರಿನ್‌ಗೂ ಮದುವೆ, ಗಿಲ್ಡ್‌ಫರ್ಡ್‌ನ ತಂಗಿಗೂ ಮದುವೆ. ರಾಜಕೀಯದ ಮೂರು ಗಂಟು ಒಂದೇ ದಿನ ಹಾಕಿದರು. ರಾಣಿಯಾದ ಮೇಲೆ ಗಂಡನನ್ನು ರಾಜ ಮಾಡು ಅಂತ ಜೇನ್‌ಗೆ ಒತ್ತಾಯ ಬಂತು. ಅವಳು ಒಪ್ಪಲಿಲ್ಲ. ಡ್ಯೂಕ್ ಮಾಡುತ್ತೇನೆ, ರಾಜ ಮಾಡುವುದಿಲ್ಲ ಅಂದಳು. ಒಂಬತ್ತು ದಿನದ ರಾಣಿ ತನ್ನ ಬುದ್ಧಿಯಿಂದ ಆಡಿದ ಗಟ್ಟಿ ಮಾತು ಅದು.

ಕಾದಂಬರಿಯಲ್ಲಿ ಅವನ ಹೆಸರು ಗಿಫರ್ಡ್. ‘ಜಿ’ ಅಂತ ಕರೆದರೆ ಅವನಿಗೆ ಖುಷಿ. ಸೂರ್ಯ ಹುಟ್ಟಿದಾಗ ಕುದುರೆಯಾಗುತ್ತಾನೆ, ಮುಳುಗಿದಾಗ ಮತ್ತೆ ಹುಡುಗ. ಹಗಲು ಹಾವು, ರಾತ್ರಿ ರಾಜಕುಮಾರ ಅನ್ನುವ ಅಜ್ಜಿಕತೆ ಕೇಳಿ ಬೆಳೆದವರಿಗೆ ಈ ಗಂಡ ಹೊಸಬನಲ್ಲ. ಆದರೆ ಅಜ್ಜಿಕತೆ ಕೇಳದ ಪ್ರಶ್ನೆಗಳನ್ನು ಈ ಪುಸ್ತಕ ಕೇಳುತ್ತದೆ. ಬೆಳಗ್ಗೆ ಮಲಗುವ ಕೋಣೆಯಲ್ಲಿ ಕುದುರೆ ನಿಂತಿದ್ದರೆ ಅದನ್ನು ಹೊರಗೆ ಕರೆದುಕೊಂಡು ಹೋಗುವುದು ಹೇಗೆ? ಬಟ್ಟೆ ಏನಾಗುತ್ತದೆ? ಇಬ್ಬರೂ ಎಚ್ಚರವಾಗಿ, ಇಬ್ಬರೂ ಮನುಷ್ಯರಾಗಿ ಮಾತಾಡಲು ದಿನಕ್ಕೆ ಎಷ್ಟು ಹೊತ್ತು ಸಿಗುತ್ತದೆ? ಮದುವೆಗೆ ಮುಂಚೆ ಈ ವಿಷಯ ಜೇನ್‌ಗೆ ಯಾರೂ ಹೇಳಿರುವುದಿಲ್ಲ. ಅವಳು ಕಂಡುಹಿಡಿಯುವ ಆ ಬೆಳಗಿನ ಅಧ್ಯಾಯ ಓದಿ ನಾನು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೇನೆ. ನಕ್ಕ ಮೇಲೆ ನನಗೆ ಹೊಳೆದದ್ದು ಬೇರೆ. ಕೈಹಿಡಿಯುವವನ ಬಗ್ಗೆ ಏನೂ ಗೊತ್ತಿಲ್ಲದೆ ಮದುವೆಯಾದ ಹುಡುಗಿ ಅವಳು. ಆ ಕಾಲದ ದೊಡ್ಡ ಮನೆತನಗಳಲ್ಲಿ ಇದೇ ವಾಡಿಕೆ. ಪುಸ್ತಕ ಅದನ್ನು ಕುದುರೆಯ ರೂಪದಲ್ಲಿ ಕಣ್ಣೆದುರು ನಿಲ್ಲಿಸಿದೆ.

ಜಿ ಪಾತ್ರ ನಿಧಾನವಾಗಿ ಬಿಚ್ಚಿಕೊಳ್ಳುತ್ತದೆ. ಊರೆಲ್ಲ ಅವನನ್ನು ಹೆಣ್ಣುಗಳ ಹಿಂದೆ ಅಲೆಯುವವನು ಅನ್ನುತ್ತದೆ. ಅಸಲಿಗೆ ರಾತ್ರಿ ಕದ್ದು ಹೋಗಿ ಅವನು ಓದುವುದು ಕವಿತೆ. ಅವನ ಬಾಯಿಂದ ಬರುವ ಕೆಲವು ಸಾಲುಗಳನ್ನು ಮುಂದೊಂದು ದಿನ ಶೇಕ್ಸ್‌ಪಿಯರ್ ಬರೆಯುತ್ತಾನೆ ಅನ್ನುವುದು ಪುಸ್ತಕದುದ್ದಕ್ಕೂ ಓಡುವ ತಮಾಷೆ. ಶೇಕ್ಸ್‌ಪಿಯರ್ ಹುಟ್ಟಿದ್ದು 1564ರಲ್ಲಿ, ಜೇನ್ ಸತ್ತು ಹತ್ತು ವರ್ಷವಾದ ಮೇಲೆ. ಈ ತಮಾಷೆಯನ್ನು ಸ್ವಲ್ಪ ಜಾಸ್ತಿಯೇ ಎಳೆದಿದ್ದಾರೆ. ಮೊದಲ ಸಲ ಖುಷಿಯಾಗುತ್ತದೆ, ಹತ್ತನೇ ಸಲ ಸಾಕಪ್ಪ ಅನಿಸುತ್ತದೆ. ಅಪ್ಪ ಡಡ್ಲಿಯ ದೊಡ್ಡ ಮೂಗಿನ ಮೇಲಿನ ಜೋಕುಗಳೂ ಹಾಗೇ. ಊರವರ ವಿಷಯಕ್ಕೆಲ್ಲ ಮೂಗು ತೂರಿಸುವವನಿಗೆ ಅದು ಒಪ್ಪುತ್ತದೆ ನಿಜ, ಆದರೂ.

ಪುಸ್ತಕದ ಮೊದಲ ಭಾಗ ಇತಿಹಾಸದ ಪಕ್ಕಪಕ್ಕದಲ್ಲೇ ನಡೆಯುತ್ತದೆ. ಮದುವೆ, ರಾಜನ ಕಾಯಿಲೆ, ಪತ್ರ, ಟವರ್, ಕಿರೀಟ, ಒಂಬತ್ತು ದಿನ. ಮುಂದಿನ ಪುಟದಲ್ಲಿ ಏನು ಕಾದಿದೆ ಅಂತ ಗೊತ್ತಿರುವ ಓದುಗರಿಗೆ ಇಲ್ಲಿ ಎದೆ ಡವಗುಟ್ಟುತ್ತದೆ. ನಗುತ್ತಿದ್ದರೂ ಫೆಬ್ರವರಿ 12 ತಲೆಯಲ್ಲಿ ಕೂತಿರುತ್ತದೆ. ಜೇನ್ ಟವರ್ ಒಳಗೆ ಕಾಲಿಟ್ಟಾಗ ನಾನು ಪುಸ್ತಕ ಮುಚ್ಚಿ ಎದ್ದು ಒಂದು ಸುತ್ತು ಓಡಾಡಿ ಬಂದೆ. ನನಗೆ ಆ ಕೋಟೆಯ ವಿವರಗಳು ಗೊತ್ತು. ಬೋಶಾಂಪ್ ಗೋಪುರದ ಗೋಡೆಯಲ್ಲಿ ಅವಳ ಹೆಸರು ಕೆತ್ತಿದ್ದಾರೆ, ಅದು ಈಗಲೂ ಇದೆ. ಗಿಲ್ಡ್‌ಫರ್ಡ್‌ನನ್ನು ಹೊರಗೆ ಟವರ್ ಹಿಲ್‌ಗೆ ಕರೆದುಕೊಂಡು ಹೋಗಿ ಕೊಂದರು. ಅವನ ದೇಹವನ್ನು ಗಾಡಿಯಲ್ಲಿ ವಾಪಸ್ ತಂದದ್ದನ್ನು ಜೇನ್ ನೋಡಿದಳು. ಆಮೇಲೆ ಅವಳ ಸರದಿ. ಕಣ್ಣಿಗೆ ಬಟ್ಟೆ ಕಟ್ಟಿಕೊಂಡ ಮೇಲೆ ತಲೆ ಇಡುವ ದಿಮ್ಮಿ ಎಲ್ಲಿದೆ ಅಂತ ಕಾಣದೆ ಕೈಚಾಚಿ ತಡಕಾಡಿದಳು. ಪಕ್ಕದಲ್ಲಿದ್ದವರು ಕೈಹಿಡಿದು ದಾರಿ ತೋರಿಸಬೇಕಾಯಿತು.

ಈ ಕ್ಷಣವನ್ನೇ ಫ್ರೆಂಚ್ ಕಲಾವಿದ ಪಾಲ್ ಡೆಲರೋಶ್ 1833ರಲ್ಲಿ ಬರೆದ. ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿರುವ ಆ ದೊಡ್ಡ ಚಿತ್ರದಲ್ಲಿ ಜೇನ್ ಬಿಳಿ ರೇಷ್ಮೆ ಉಟ್ಟಿದ್ದಾಳೆ, ಸುತ್ತ ಕತ್ತಲೆ. ನಿಜದಲ್ಲಿ ಅದು ನಡೆದದ್ದು ಬಯಲಿನಲ್ಲಿ, ಹಗಲು ಬೆಳಕಿನಲ್ಲಿ. ಅವಳು ಬದುಕಿದ್ದಾಗ ಬರೆದದ್ದು ಅಂತ ಎಲ್ಲರೂ ಒಪ್ಪುವ ಒಂದೇ ಒಂದು ಚಿತ್ರವೂ ಉಳಿದಿಲ್ಲ. ಹಾಗಾಗಿ ಜಗತ್ತು ಅವಳನ್ನು ಕಣ್ಣು ಕಟ್ಟಿಸಿಕೊಂಡವಳಾಗಿಯೇ ನೋಡುತ್ತಾ ಬಂದಿದೆ. ಅವಳ ಬದುಕಿನ ಕೊನೆಯ ನಿಮಿಷವೇ ಅವಳ ಮುಖವಾಗಿಬಿಟ್ಟಿದೆ. ‘ಮೈ ಲೇಡಿ ಜೇನ್’ ನನಗೆ ಇಷ್ಟವಾಗಲು ಮುಖ್ಯ ಕಾರಣ ಇದೇ. ಇಲ್ಲಿ ಜೇನ್ ಜಗಳ ಆಡುತ್ತಾಳೆ, ಗಂಡನಿಗೆ ನಿಯಮ ಹಾಕುತ್ತಾಳೆ, ತಪ್ಪು ಮಾಡುತ್ತಾಳೆ, ಹಸಿದವರಿಗೆ ಊಟ ಕೊಡಿಸಲು ಓಡಾಡುತ್ತಾಳೆ. ಕಣ್ಣು ಬಿಟ್ಟುಕೊಂಡು ಇರುತ್ತಾಳೆ. ಅವಳು ಈಥಿಯನ್ ಹೌದೋ ಅಲ್ಲವೋ, ಹೌದಾದರೆ ಯಾವ ಪ್ರಾಣಿ ಅನ್ನುವುದನ್ನು ಮಾತ್ರ ನಾನು ಹೇಳುವುದಿಲ್ಲ. ಅದನ್ನು ನೀವೇ ಓದಿ ತಿಳಿಯಬೇಕು.

ಎರಡನೇ ಭಾಗದಲ್ಲಿ ಇತಿಹಾಸವನ್ನು ಪೂರ್ತಿ ಕೈಬಿಟ್ಟಿದ್ದಾರೆ. ಅದನ್ನು ಅವರೇ ಬಾಯಿಬಿಟ್ಟು ಹೇಳುತ್ತಾರೆ. ಓಟ, ಅಡಗುವುದು, ತೋಳಗಳ ಗುಂಪು, ಒಂದು ದೈತ್ಯ ಬಿಳಿ ಕರಡಿ, ಫ್ರಾನ್ಸ್‌ಗೆ ಪಯಣ. ಗ್ರೇಸಿ ಅನ್ನುವ ಸ್ಕಾಟ್ಲೆಂಡಿನ ಹುಡುಗಿ ಬರುತ್ತಾಳೆ, ಅವಳು ನರಿ. ಅವಳ ಮಾತಿನ ಚುರುಕು ಚೆನ್ನಾಗಿದೆ. ಎಡ್ವರ್ಡ್‌ನ ಅಕ್ಕ ಎಲಿಜಬೆತ್, ಇಲ್ಲಿ ಬೆಸ್, ಬೆಕ್ಕು. ಅದನ್ನು ಓದಿದಾಗ ಇನ್ನೇನಾಗಲು ಸಾಧ್ಯ ಅನಿಸಿತು. ಸದ್ದಿಲ್ಲದೆ ಕೂತು ಎಲ್ಲ ಗಮನಿಸಿ ಕೊನೆಗೆ ಗೆದ್ದವಳು ಅವಳೇ ಅಲ್ವಾ. ಅಜ್ಜಿಯೊಬ್ಬಳೂ ಇದ್ದಾಳೆ, ಮಾತು ಖಾರ, ಮನಸ್ಸು ದೊಡ್ಡದು. ಇಷ್ಟೆಲ್ಲ ಇದ್ದರೂ ಮೊದಲ ಭಾಗದ ಬಿಗಿ ಇಲ್ಲಿ ಇಲ್ಲ. ಇತಿಹಾಸಕ್ಕೆ ಕಟ್ಟಿದ ಹಗ್ಗ ಬಿಚ್ಚಿದ ಮೇಲೆ ಯಾರಿಗೂ ಏನೂ ಆಗುವುದಿಲ್ಲ ಅನ್ನುವ ಧೈರ್ಯ ಓದುಗರಿಗೆ ಬಂದುಬಿಡುತ್ತದೆ. ಕಾದಾಟದ ಪುಟಗಳನ್ನು ನಾನು ಬೇಗಬೇಗ ತಿರುವಿದೆ.

ಈಗ ಮೇರಿಯ ವಿಷಯ. ಇದು ನನ್ನ ನಿಜವಾದ ತಕರಾರು.

ಕಾದಂಬರಿಯಲ್ಲಿ ಮೇರಿ ಬರೀ ಖಳನಾಯಕಿ. ಈಥಿಯನ್ನರನ್ನೆಲ್ಲ ಮುಗಿಸಬೇಕು ಅನ್ನುವುದು ಬಿಟ್ಟರೆ ಅವಳಿಗೆ ಇನ್ನೊಂದು ಮನಸ್ಸಿಲ್ಲ. ಇದಕ್ಕೆ ಇತಿಹಾಸದಲ್ಲಿ ಆಧಾರವಿಲ್ಲ ಅಂತ ನಾನು ಹೇಳುವುದಿಲ್ಲ. ಮೇರಿಯ ಐದು ವರ್ಷದ ಆಳ್ವಿಕೆಯಲ್ಲಿ ಸುಮಾರು 280 ಪ್ರೊಟೆಸ್ಟೆಂಟರನ್ನು ಜೀವಂತ ಸುಟ್ಟರು. ಅದನ್ನು ಯಾರೂ ತೊಳೆದು ಹಾಕಲಾಗದು. ಆದರೆ ಆ ಹೆಣ್ಣಿನ ಬದುಕು ನೋಡಿ. ಅಪ್ಪ ಹೆನ್ರಿ ಅವಳ ಅಮ್ಮ ಆರಗಾನಿನ ಕ್ಯಾಥರಿನ್‌ಳನ್ನು ಬಿಟ್ಟು ಇನ್ನೊಬ್ಬಳನ್ನು ಮದುವೆಯಾದ. ಮೇರಿ ಮದುವೆಯ ಮಗಳೇ ಅಲ್ಲ ಅಂತ ಕಾನೂನು ಮಾಡಿಸಿದ. ಅಮ್ಮನಿಂದ ದೂರ ಇಟ್ಟ. 1536ರಲ್ಲಿ ಅಮ್ಮ ಸಾಯುವಾಗಲೂ ನೋಡಲು ಬಿಡಲಿಲ್ಲ. ಆಮೇಲೆ ತಮ್ಮ ಎಡ್ವರ್ಡ್ ಅವಳ ಪಟ್ಟದ ಹಕ್ಕನ್ನು ಕಿತ್ತುಕೊಂಡ.

1553ರ ಜುಲೈನಲ್ಲಿ ಅವಳು ಮಾಡಿದ್ದು ಸಣ್ಣ ಸಾಹಸವಲ್ಲ. ತನ್ನನ್ನು ಹಿಡಿಯಲು ಬರುತ್ತಾರೆ ಅಂತ ಗೊತ್ತಾಗಿ ಕೆನಿಂಗ್‌ಹಾಲ್‌ಗೆ, ಅಲ್ಲಿಂದ ಸಫೋಕ್‌ನ ಫ್ರಾಮ್ಲಿಂಗ್‌ಹ್ಯಾಮ್ ಕೋಟೆಗೆ ಹೋದಳು. ಜನ ಅವಳ ಹಿಂದೆ ಬಂದರು. ಸೈನ್ಯ ಕಟ್ಟಿಕೊಂಡು ಹೊರಟ ಡಡ್ಲಿ ಕೇಂಬ್ರಿಜ್ ಹತ್ತಿರವೇ ಕುಸಿದ. ಲಂಡನ್ನಿನಲ್ಲಿ ಅವನ ಜೊತೆಗಾರರೇ ಪಕ್ಷ ಬದಲಿಸಿದರು. ಇಂಗ್ಲೆಂಡಿನಲ್ಲಿ ಕಿರೀಟ ಧರಿಸಿ, ತನ್ನದೇ ಹಕ್ಕಿನಿಂದ ಆಳಿದ ಮೊದಲ ಹೆಣ್ಣು ಮೇರಿ.

ಇನ್ನೂ ಮುಖ್ಯವಾದದ್ದು, ಜೇನ್‌ಳನ್ನು ಕೊಲ್ಲಲು ಮೇರಿ ಮೊದಲು ಒಪ್ಪಿರಲಿಲ್ಲ. ಆ ಹುಡುಗಿಯನ್ನು ದೊಡ್ಡವರು ಬಳಸಿಕೊಂಡರು ಅಂತ ಅವಳಿಗೆ ಗೊತ್ತಿತ್ತು. ಡಡ್ಲಿಯನ್ನು ಆಗಸ್ಟ್ 22ಕ್ಕೇ ಕೊಂದರೂ ಜೇನ್‌ಳನ್ನು ಉಳಿಸಿಕೊಂಡಳು. ನವೆಂಬರ್‌ನಲ್ಲಿ ವಿಚಾರಣೆ ನಡೆದು ಮರಣದಂಡನೆ ಎಂದಾದ ಮೇಲೂ ಜಾರಿ ಮಾಡಲಿಲ್ಲ. 1554ರ ಜನವರಿಯಲ್ಲಿ ಥಾಮಸ್ ವ್ಯಾಟ್ ದಂಗೆ ಎದ್ದ. ಜೇನ್‌ಳ ಸ್ವಂತ ಅಪ್ಪ ಅದರಲ್ಲಿ ಸೇರಿಕೊಂಡ. ಮಗಳು ಟವರ್‌ನಲ್ಲಿ ಇದ್ದಾಳೆ ಅನ್ನುವ ಪರಿವೆಯೂ ಅವನಿಗಿರಲಿಲ್ಲ. ಆಮೇಲೆ ಮೇರಿ ಸಹಿ ಹಾಕಿದಳು. ಹಿಂಜರಿದ ಕೈ ಅದು. ಈ ಹಿಂಜರಿಕೆಯಲ್ಲಿ ಎಷ್ಟು ಕತೆ ಇತ್ತು! ಎಡ್ವರ್ಡ್‌ಗೆ, ಜಿಗೆ, ಕಳ್ಳತನ ಮಾಡುವ ಗ್ರೇಸಿಗೂ ಇಷ್ಟು ಮಮತೆ ತೋರಿಸಿದ ಲೇಖಕಿಯರು ಮೇರಿಗೆ ಒಂದು ಪುಟವಾದರೂ ಒಳಗಿನ ಮಾತು ಕೊಡಬೇಕಿತ್ತು. ಹಾಸ್ಯಕ್ಕೆ ಖಳರು ಬೇಕು, ನಿಜ. ಡಡ್ಲಿ ಒಬ್ಬ ಸಾಕಿತ್ತು. ಅವನು ಆ ಪಾತ್ರಕ್ಕೆ ಹೇಳಿ ಮಾಡಿಸಿದವನು.

ಯಾರು ಓದಬಹುದು? ಇಂಗ್ಲಿಷ್ ಸರಳವಾಗಿದೆ, ವಾಕ್ಯ ಚಿಕ್ಕವು. ಹಳೇ ಕಾಲದ ಭಾಷೆಯ ತೊಡಕಿಲ್ಲ. ಹನ್ನೆರಡು ಹದಿಮೂರು ವರ್ಷದ ಮೇಲಿನ ಮಕ್ಕಳಿಗೆ ಧೈರ್ಯವಾಗಿ ಕೊಡಬಹುದು. ಪ್ರೀತಿಯ ದೃಶ್ಯಗಳು ಮುತ್ತಿನ ಆಚೆಗೆ ಹೋಗುವುದಿಲ್ಲ. ನನ್ನ ಕ್ಲಾಸಿನ ಹುಡುಗಿಯೊಬ್ಬಳಿಗೆ ಓದಲು ಕೊಟ್ಟೆ. ಮುಗಿಸಿ ಬಂದವಳು ಮೊದಲು ಕೇಳಿದ್ದು, ‘ಮಿಸ್, ನಿಜವಾಗಿ ಜೇನ್‌ಗೆ ಏನಾಯ್ತು?’ ಅಂತ. ಹೇಳಿದೆ. ತುಂಬ ಹೊತ್ತು ಸಿಟ್ಟಿನಲ್ಲೇ ಇದ್ದಳು. ಆಮೇಲೆ ವ್ಯಾಟ್ ಯಾರು, ಫೆಕೆನ್‌ಹ್ಯಾಮ್ ಯಾರು ಅಂತ ಕೇಳಲು ಶುರು ಮಾಡಿದಳು. ಪಠ್ಯಪುಸ್ತಕ ಕೊಟ್ಟು ಇಂಥ ಸಿಟ್ಟು ಬರಿಸಲು ನನಗೆ ಸಾಧ್ಯವಾಗಿಲ್ಲ. ನನ್ನ ಸಲಹೆ ಏನೆಂದರೆ, ಕಾದಂಬರಿ ಮೊದಲು ಓದಿಸಿ, ಇತಿಹಾಸ ಆಮೇಲೆ ಹೇಳಿ. ದೊಡ್ಡವರು ತಿರುಗಾಮುರುಗಾ ಮಾಡಬೇಕು. ಜೇನ್‌ಳ ನಿಜವಾದ ಕತೆ ಮೊದಲು ತಿಳಿದುಕೊಂಡರೆ ಮೊದಲ ಭಾಗದ ತಮಾಷೆಗಳು ಒಂದೂ ತಪ್ಪಿಹೋಗುವುದಿಲ್ಲ.

2024ರಲ್ಲಿ ಪ್ರೈಮ್ ವಿಡಿಯೋದಲ್ಲಿ ಇದೇ ಹೆಸರಿನ ಸರಣಿ ಬಂತು, ಎಂಟು ಕಂತು. ಒಂದೇ ಸೀಸನ್‌ಗೆ ನಿಲ್ಲಿಸಿಬಿಟ್ಟರು. ಅದು ದೊಡ್ಡವರಿಗೆ ಮಾಡಿದ್ದು. ಪುಸ್ತಕ ಓದಿ ಖುಷಿಪಟ್ಟ ಮಕ್ಕಳನ್ನು ಅದರ ಮುಂದೆ ಕೂರಿಸುವ ಮೊದಲು ನೀವೊಮ್ಮೆ ನೋಡಿಕೊಳ್ಳಿ. ಕತೆಯೂ ಸಾಕಷ್ಟು ಬೇರೆ ದಾರಿ ಹಿಡಿದಿದೆ.

ಕೇಳುವ ಅಭ್ಯಾಸ ಇರುವವರಿಗೆ ಆಡಿಯೋ ಪುಸ್ತಕ ಇದೆ, ಓದಿದವರು ಕ್ಯಾಥರಿನ್ ಕೆಲ್‌ಗ್ರೆನ್. ಲೇಖಕಿಯರು ಕತೆ ನಿಲ್ಲಿಸಿ ಓದುಗರ ಜೊತೆ ಮಾತಾಡುವ ಜಾಗಗಳು ಕೇಳಿದಾಗ ಇನ್ನೂ ಚೆನ್ನ. ಪುಸ್ತಕ ಇಷ್ಟವಾದರೆ ಇದೇ ಮೂವರು 2021ರಲ್ಲಿ ತಂದ ‘ಮೈ ಕಾಂಟ್ರರಿ ಮೇರಿ’ ಇದೆ. ಅದು ಸ್ಕಾಟ್ಲೆಂಡಿನ ರಾಣಿ ಮೇರಿಯ ಕತೆ, ಪ್ರಾಣಿಯಾಗುವ ಜನರ ಇದೇ ಲೋಕದಲ್ಲಿ ನಡೆಯುತ್ತದೆ. ಇಂಗ್ಲೆಂಡಿನ ಮೇರಿಯ ಮೇಲೂ ಅವರು ಒಂದು ಪುಸ್ತಕ ಬರೆಯಲಿ ಎಂಬ ಆಸೆ ನನಗಿದೆ. ಬರೆದರೆ ಮೊದಲ ದಿನವೇ ಕೊಳ್ಳುತ್ತೇನೆ.